ಕ್ಯಾನ್ವಾಸಿಗೆ ಹುಣಸೆಬೀಜದ ಗಂಜಿ

ಚಿತ್ರದುರ್ಗದ ಕೋಟೆಗೆ ಇನ್ನೂ ಬಿಸಿಲು ಬಿದ್ದಿಲ್ಲ. ಅದರ ಬುಡದ ಓಣಿಯ ಬಾಡಿಗೆ ಕೋಣೆಯಲ್ಲಿ ಮೂಡಲಗಿರಿಯಪ್ಪ ಮಂಡಿಯೂರಿ ಕುಂಚದಿಂದ ನೆಲ ಗುಡಿಸುತ್ತಿದ್ದಾರೆ. ಗೋಡೆಗೆ ಒರಗಿಸಿದ ಕಪ್ಪು ಚಿತ್ರದಿಂದ ಉದುರಿದ ಬಣ್ಣದ ಚಕ್ಕೆಗಳವು. ಒಂದೊಂದನ್ನೂ ಕಾಗದದ ಮೇಲೆತ್ತಿ ಡಬ್ಬಿಗೆ ಹಾಕುತ್ತಾರೆ. "ಇವತ್ತು ಏಳು. ಚಳಿಗಾಲದಾಗೆ ಕಮ್ಮಿ ಉದುರ್ತಾವೆ" ಎನ್ನುತ್ತಾರೆ.

ಅರವತ್ತರ ಹತ್ತಿರದ ಇವರನ್ನು ಊರು ಬಲ್ಲದ್ದು ಬೋರ್ಡ್ ಬರೆಯುವವರೆಂದು. ದಿನಕ್ಕೆರಡು ನಂಬರ್ ಪ್ಲೇಟು, ವಾರಕ್ಕೊಂದು ಅಂಗಡಿ ಬೋರ್ಡು, ಹೊಟ್ಟೆಪಾಡು ಅದು. ಬೆಳಗಿನ ಮೂರು ತಾಸು ಮಾತ್ರ ಅಮೂರ್ತ ಚಿತ್ರಗಳಿಗೆ. ಮೂವತ್ತು ವರ್ಷದಲ್ಲಿ ಇನ್ನೂರರ ಮೇಲೆ ಬರೆದಿದ್ದಾರೆ, ಮಾರಾಟವಾದದ್ದು ಹನ್ನೊಂದು. ಕಣ್ಣು ಮೂಗಿಲ್ಲದ ಚಿತ್ರ ಯಾರಿಗೆ ಬೇಕು?

ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ಯಲ್ಲದಕೆರೆಯ ತಾಯಿ ಬರಗೇರಮ್ಮನಿಗೆ ಮಾತ್ರ ಅವು ಚಿತ್ರವೆಂದೇ ಅನ್ನಿಸಲಿಲ್ಲ. ಕುರಿ ಉಣ್ಣೆ ನೂತು, ಕಂಬಳಿಗೆ ಹುಣಸೆಬೀಜದ ಗಂಜಿ ಹಚ್ಚಿ ಬಾಳಿದ ಜೀವ. ಆರು ವರ್ಷದ ಕೆಳಗೆ ಮಗನ ಬಳಿ ಬಂದಿದ್ದಾಗ ಆ ದೊಡ್ಡ ಕಪ್ಪು ಕ್ಯಾನ್ವಾಸನ್ನು ಮುಟ್ಟಿ ನೋಡಿದರು. ಕರಿ ಕಂಬಳಿಯ ಹಾಗೇ ಇದೆ, ಆದರೆ ಸಡಿಲ. ಮಗ ಹೊಳಲ್ಕೆರೆಗೆ ಬೋರ್ಡ್ ಬರೆಯಲು ಹೋದ ದಿನ ಬೀಜ ಅರೆದು, ಗಂಜಿ ಕಾಸಿ, ಅಂಚಿನಿಂದ ಅಂಚಿಗೆ ಬಳಿದುಬಿಟ್ಟರು. ಮೊದಲ ಸಲ ಬೆಂಗಳೂರಿನ ಪ್ರದರ್ಶನಕ್ಕೆ ಆಯ್ಕೆಯಾಗಿದ್ದ ಚಿತ್ರವದು.

"'ಗಟ್ಟಿ ಬರ್ಲಿ ಅಂತ ಹಚ್ಚಿದೆ ಕಣಪ್ಪ' ಅಂದ್ಲು. 'ನನ್ನ ಬಾಳು ಹಾಳು ಮಾಡ್ದೆ ಕಣವ್ವ' ಅಂದ್ಬಿಟ್ಟೆ. ಮಾತು ಆಡಿದ್ರೆ ಹೋತು, ಮುತ್ತು ಒಡೆದ್ರೆ ಹೋತು ಅಂತಾರಲ್ರಿ..."

ಬರಗೇರಮ್ಮ ಅಂದೇ ಊರಿನ ಬಸ್ಸು ಹತ್ತಿದರು. ದೀಪಾವಳಿಗೆ ಹೋಗಿ ತಪ್ಪಾಯ್ತು ಎನ್ನೋಣವೆಂದು ಮಗ ಕಾದಿದ್ದರು. ಹಬ್ಬಕ್ಕೆ ಹದಿನೈದು ದಿನವಿರುವಾಗ ಆಕೆ ತೀರಿಕೊಂಡರು.

ಗಂಜಿ ಒಣಗಿ ಬಿರಿದಿದೆ, ಬಿರಿದಲ್ಲೆಲ್ಲ ಬಣ್ಣವನ್ನೂ ಕಿತ್ತುಕೊಂಡು ಉದುರುತ್ತಿದೆ. ಹೋದ ತಿಂಗಳು ಗ್ಯಾಲರಿಯವರೊಬ್ಬರು ಬಂದು, ಗಂಜಿ ಕೆರೆಸಿದರೆ ಚಿತ್ರ ಉಳಿಯುತ್ತದೆ, ನಾವೇ ಕೊಳ್ಳುತ್ತೇವೆ ಎಂದರಂತೆ. ಇವರು ಒಪ್ಪಲಿಲ್ಲ. ಕಿಟಕಿಗೆ ಬಿಸಿಲು ಬಂದಾಗ ಕಾರಣ ಕಾಣುತ್ತದೆ. ಕಪ್ಪಿನ ಮೇಲೆ ಅಡ್ಡಡ್ಡ ಹೊಳೆಯುವ ಗಂಜಿಯ ಗೆರೆಗಳು, ಎಲ್ಲೂ ಕೈ ನಡುಗಿಲ್ಲ.

"ಇಷ್ಟು ನೆಟ್ಟಗೆ ನನ್ನ ಕೈಗೆ ಇವತ್ತಿಗೂ ಬರಲ್ರಿ. ಪೂರ್ತಿ ಉದುರೋದ್ರೊಳಗೆ ಒಂದ್ಸಲ ಜನ ನೋಡ್ಲಿ, ಅಷ್ಟೇ ಆಸೆ. ಪೇಪರ್‌ನಾಗೆ ಬರೆಯೋದಾದ್ರೆ ಹೆಸ್ರು ಹಿಂಗೆ ಹಾಕ್ರಿ. ಚಿತ್ರ: ಬರಗೇರಮ್ಮ. ಮಗ ಬರೀ ಬಣ್ಣ ಹಚ್ಚಿದ್ದ."