ಭೂಮಿ ಹುಣ್ಣಿಮೆಯ ದಿನ ತೂಗುಹಾಕಿದ್ದ ಕೊಳವೆ

ಐವತ್ತರ ದಶಕದಲ್ಲಿ ನಾನು ಹೊಸನಗರದ ಕಡೆ ಕುಡಿಯುವ ನೀರಿನ ಕೆಲಸಕ್ಕೆ ಮೇಸ್ತ್ರಿಯಾಗಿದ್ದೆ. ಒಂದು ಗದ್ದೆಯಂಚಿನಲ್ಲಿ ನಮ್ಮ ಕಂದಕಕ್ಕೆ ಹಳೆಯ ಸಿಮೆಂಟ್ ಕೊಳವೆಗಳು ಅಡ್ಡ ಬಂದವು. ಅವುಗಳ ಕೆಳಗಿನ ಮಣ್ಣು ತೆಗೆಯಬೇಕು, ಕೊಳವೆ ಮಾತ್ರ ಕುಸಿಯಬಾರದು. ಕಂದಕದ ಮೇಲೆ ಮತ್ತಿ ಮರದ ದಿಮ್ಮಿ ಹಾಸಿ, ಕೊಳವೆಗಳನ್ನು ಹಗ್ಗದಿಂದ ಅದಕ್ಕೆ ತೂಗುಹಾಕಿದೆವು. ಎರಡು ಕೊಳವೆ ಕೂಡುವಲ್ಲಿ ಕಟ್ಟಿದ ಹಗ್ಗ ಹಳೆಯದು. ಕೆಳಗಿನಿಂದ ಕಲ್ಲು ಪೇರಿಸಿ ಆಸರೆ ಕೊಟ್ಟೇ ಮನೆಗೆ ಹೋಗಬೇಕಿತ್ತು. ಆದರೆ ಮರುದಿನ ಭೂಮಿ ಹುಣ್ಣಿಮೆ, ಆಳುಗಳಿಗೆ ಹಬ್ಬದ ಅವಸರ. ಭೂಮಿತಾಯಿ ಬಸುರಿ, ಆವತ್ತು ನೆಲಕ್ಕೆ ಕಬ್ಬಿಣ ಮುಟ್ಟಿಸುವಂತಿಲ್ಲ, ಯಾರೂ ಬರುವುದಿಲ್ಲ ಎಂದರು. ಯಾರೂ ಬರದ ಜಾಗದಲ್ಲಿ ಯಾರಿಗೇನಾದೀತು ಎಂದು ನಾನೂ ಸುಮ್ಮನಾದೆ. ನನ್ನ ಬುದ್ಧಿಗೆ ಬೆಂಕಿ ಬೀಳ!

ಬೆಳಿಗ್ಗೆ ಮನಸ್ಸು ತಡೆಯದೆ ನೋಡಲು ಹೋದೆ. ಕಂದಕದೊಳಗೆ, ಸರಿಯಾಗಿ ಆ ಹಗ್ಗದ ಕೆಳಗೆ, ಗದ್ದೆಯ ಒಡತಿ ಅಜ್ಜಿ ಕೂತು ಬಾಳೆಲೆಯ ಮೇಲೆ ಕಡುಬು ಬಡಿಸುತ್ತಿದ್ದಾಳೆ! ಮನೆಯವರೆಲ್ಲ ಪೂಜೆಗೆಂದು ಗದ್ದೆಯ ಆ ತುದಿಯಲ್ಲಿದ್ದರು. ತಾಯಿಯ ಮೈ ಸೀಳಿದ್ದು ಇಲ್ಲಿ, ಅವಳಿಗೆ ಎಡೆಯೂ ಇಲ್ಲೇ ಆಗಬೇಕು ಎಂದು ಅಜ್ಜಿಗೆ ಅನ್ನಿಸಿತ್ತಂತೆ. ಮೇಲೆ ಬನ್ನಿ ಎಂದು ನಾನು ಗಂಟಲು ಹರಿಯುವಂತೆ ಕೂಗಿದರೆ, ಎಡೆ ಇಡುವಾಗ ಮಾತಾಡಬಾರದೆಂದು ಸನ್ನೆ ಮಾಡಿ ಕೈ ಬೀಸಿದಳು. ಹಗ್ಗದ ಎಳೆಗಳು ಒಂದೊಂದಾಗಿ ಕಡಿಯುತ್ತಿದ್ದವು.

ಅಲ್ಲೇ ಬಿದ್ದಿದ್ದ ಹಾರೆ ಹಿಡಿದು ಕಂದಕಕ್ಕೆ ಹಾರಿದೆ. ಅದನ್ನು ನೆಲಕ್ಕೆ ಚುಚ್ಚಿ, ತುದಿಯನ್ನು ಕೊಳವೆಯ ಅಡಿಗೆ ಆನಿಸಿದೆ.

"ಬಸುರಿ ಹೊಟ್ಟೆಗೆ ಹಾರೆ ಹಾಕ್ದ್ಯಲ್ಲೋ, ಪಾಪಿ" ಎಂದಳು ಅಜ್ಜಿ.

ತಲೆಯ ಮೇಲೆ ಸಾವು ತೂಗುತ್ತಿದೆ, ಈಕೆಗೆ ಗಾಬರಿ ನನ್ನ ಹಾರೆಯದು! ರಟ್ಟೆ ಹಿಡಿದು ದರದರ ಎಳೆದೆ. ನಾವು ಮೇಲೆ ಹತ್ತಿದೆವೋ ಇಲ್ಲವೋ, ಹಗ್ಗ ಕಡಿದು, ಹಾರೆ ವಾಲಿ, ಕೊಳವೆ ಎಡೆಯ ಮೇಲೇ ಬಿತ್ತು. ಎಲೆಯ ಗುರುತೂ ಉಳಿಯಲಿಲ್ಲ.

ಅಜ್ಜಿ ಮಣ್ಣಿನ ಗುಡ್ಡೆಯ ಮೇಲೆ ಕುಸಿದು ಕೂತಳು. ಆ ಕಡಿದ ಹಗ್ಗವನ್ನೇ ನೋಡಿ ಕೇಳಿದಳು:

"ಮೇಸ್ತ್ರಿ, ಈ ಹಗ್ಗ ಲಡ್ಡು, ತಡಿಯಲ್ಲ ಅಂತ ನಿಂಗೆ ನಿನ್ನೇನೇ ಗೊತ್ತಿತ್ತಾ?"

ಸುಳ್ಳು ಬಾಯಿಗೆ ಬರಲಿಲ್ಲ. ಗೊತ್ತಿತ್ತು ಎಂದೆ.

ಆಕೆ ಬೈಯಲಿಲ್ಲ. ಗುಡ್ಡೆಯ ಮೇಲೆ ಮೊದಲೇ ಇಟ್ಟುಹೋಗಿದ್ದ, ಉಳಿದ ಕಡುಬಿನ ಬುಟ್ಟಿ ಎತ್ತಿಕೊಂಡು ಹೊರಟಳು. ಆವತ್ತು ಯಾವ ಜೀವವನ್ನೂ ಉಣಿಸದೆ ಬಿಡಬಾರದೆಂಬುದು ಅಲ್ಲಿಯ ಪದ್ಧತಿ. ಕಾಗೆಗೊಂದು ತುತ್ತು, ಬದುವಿನ ಇಲಿಬಿಲದ ಬಾಯಿಗೊಂದು ತುತ್ತು ಹಾಕುತ್ತಾ ಹೋದಳು. ನನಗೆ ಏನೂ ಕೊಡಲಿಲ್ಲ.