ಹಿಂದೆ ಹಿಂದೆ ನಡೆದ ಹಂದಿ

ದುಬೈಯ ಡಿಸ್ಕವರಿ ಗಾರ್ಡನ್ಸ್ ಬಡಾವಣೆಯ ಮೂರನೆಯ ಮಹಡಿಯ ಫ್ಲ್ಯಾಟಿನಲ್ಲಿ ಹಂದಿ ಕಿರುಚಿದರೆ ಯಾರಿಗೆ ನಿದ್ದೆ ಉಳಿದೀತು? ಶುಕ್ರವಾರ, ರಜೆಯ ಬೆಳಿಗ್ಗೆ. ಧಡಕ್ಕನೆ ಎದ್ದು ಕೂತೆ. ಪ್ಲೈವುಡ್ ಗೋಡೆಯ ಆಚೆ ನೆನಿತಾಳ ಫೋನಿನಲ್ಲಿ ಹಂದಿ, ಗಾಳಿ, ಅವಳ ತಾಯಿಯ ಬೈಗುಳ, ಮೂರೂ ಒಟ್ಟಿಗೆ.

ನೆನಿತಾ ಫಿಲಿಪ್ಪೀನ್ಸಿನ ಸಮಾರ್ ದ್ವೀಪದವಳು, ವಾರಾಯ್ ಮಾತಿನವಳು. ಜೆಬೆಲ್ ಅಲಿಯ ಒಂದೇ ಗೋದಾಮಿನಲ್ಲಿ ನಮ್ಮಿಬ್ಬರ ಕೆಲಸ. ದುಬೈಗಿಂತ ಮೊದಲು ನಾನು ಅವಳ ಬಾಯಿಂದ ಕಲಿತದ್ದು ಅವಳ ಊರನ್ನು: ನೀರಿನಂಚಿನವರೆಗೂ ತೆಂಗು, ಬಿದಿರು ಕಂಬದ ಮೇಲೆ ಮನೆ, ಎರಡೂ ಬದಿಗೆ ಬಿದಿರಿನ ರೆಕ್ಕೆ ಕಟ್ಟಿದ ದೋಣಿ. ನಮ್ಮ ಉಡುಪಿ ಕಡೆ ಸೂರ್ಯ ಕಡಲಿಗೆ ಇಳಿಯುತ್ತಾನೆ, ಅಲ್ಲಿ ಕಡಲಿನಿಂದ ಏಳುತ್ತಾನೆ. ಬಿರುಗಾಳಿಯೂ ಅದೇ ದಾರಿಯಲ್ಲಿ ಬರುತ್ತದೆ.

ಅವತ್ತು ಬರುತ್ತಿತ್ತು. ಊರೆಲ್ಲ ಗುಡ್ಡದ ಶಾಲೆ ಹತ್ತಿಯಾಗಿತ್ತು. ತಾಯಿ ಮಾತ್ರ, ಊರಹಬ್ಬಕ್ಕೆ ಸಾಕಿದ ಹಂದಿ ಬಿಟ್ಟು ಕದಲೆನೆಂದು ಕೂತಿದ್ದಳು. ಪಕ್ಕದ ಮನೆಯವನು ಹಗ್ಗ ಎಳೆದಷ್ಟೂ ಹಂದಿ ಹಿಂದಕ್ಕೇ ಜಗ್ಗುತ್ತಿತ್ತು.

“ಅದು ಹಾಳಾಗಲಿ, ನೀನು ಹತ್ತಮ್ಮಾ!” ನೆನಿತಾ ಗೋಗರೆದಳು.

“ದಿರಿ!” ಆಗುವುದಿಲ್ಲ, ಅಂತ.

ಗೋಡೆಯಾಚೆಗೆ ಓಡಿದೆ. ನೆನಿತಾ ನನ್ನ ಕೈ ಹಿಡಿದಳು. “ಮಾನ, ಅವಳು ಮುಳುಗುತ್ತಾಳೆ.” ಮಾನ ಅಂದರೆ ಅವರಲ್ಲಿ ಅಕ್ಕ.

ನನಗೆ ನೆನಪಾದದ್ದು ಹಂದಿ ಸಾಕುತ್ತಿದ್ದ ನಮ್ಮ ಅಜ್ಜಿ. “ಹಂದಿಗೆ ಬುದ್ಧಿ ಹೇಳ್ಲಿಕ್ಕೆ ಹೋಗ್ಬೇಡ ಮಾರಾಯ್ತಿ. ಮುಖಕ್ಕೆ ಬುಟ್ಟಿ ಮುಚ್ಚು. ತಪ್ಪಿಸಿಕೊಳ್ಳಲಿಕ್ಕೆ ಅದೇ ಹಿಂದೆ ಹಿಂದೆ ಹೋಗ್ತದೆ. ನೀನು ಬಾಲ ಹಿಡಿದು ಬೇಕಾದ ಕಡೆ ತಿರುಗಿಸಿದ್ರಾಯ್ತು.”

ಅದನ್ನೇ ಹೇಳಿದೆ. ನೆನಿತಾ ವಾರಾಯಿಯಲ್ಲಿ ಕೂಗಿದಳು.

“ದುಬೈಗೆ ಹೋಗಿ ಇದನ್ನಾ ಕಲಿತದ್ದು?” ಅಂದಳಂತೆ ತಾಯಿ. ಬುಟ್ಟಿ ಬಡಿದ ಸದ್ದು, ಒಂದು ಕಿರುಚಾಟ, ಆಮೇಲೆ ಆ ಮುದುಕಿಯ ನಗು. ಫೋನ್ ಸತ್ತಿತು.

ಆ ದಿನ ನಾವು ಕೂತಲ್ಲಿ ಕೂರಲಿಲ್ಲ. ಮಾಡಿದ ಗಂಜಿ ಆರಿತು. ಗುಡಿಸಿದ ನೆಲವನ್ನೇ ಮತ್ತೆ ಗುಡಿಸಿದೆ. ಕಿಟಕಿಯಾಚೆ ಒಂದೆಲೆಯೂ ಅಲುಗುತ್ತಿರಲಿಲ್ಲ. ಅದಕ್ಕೂ ಸಿಟ್ಟು ಬಂತು.

ಸಂಜೆ ಯಾರದ್ದೋ ಫೋನಿನಿಂದ ತಾಯಿ ಮಾತಾಡಿದಳು. ಮನೆ ಕಡಲು ಸೇರಿತ್ತು.

“ಹಂದಿ?” ಅಂದೆ.

“ಶಾಲೆಯ ಜಗಲಿಯಲ್ಲಿ ಟೀಚರಮ್ಮನ ಚಪ್ಪಲಿ ತಿನ್ನುತ್ತಿದೆಯಂತೆ!” ನೆನಿತಾ ನಕ್ಕಳು, ನಗುತ್ತಲೇ ಅತ್ತಳು.

ಶನಿವಾರ ಕಂಪನಿ ಬಸ್ಸಿನಲ್ಲಿ ಉಳಿದದ್ದು ಡ್ರೈವರಿಗೆ ಬೆನ್ನು ಹಾಕಿದ ಸೀಟು ಮಾತ್ರ. “ತಾಯಿಗೆ ಮನೆ ಮತ್ತೆ ಅಲ್ಲೇ ಬೇಕಂತೆ,” ಅಂದಳು ನೆನಿತಾ. “ಗುಡ್ಡದ ತುದಿ ಮುಟ್ಟುವವರೆಗೂ ಹಂದಿಯ ಮುಖ ಕಡಲಿಗೇ ಇತ್ತಂತೆ, ಮಾನ.”

ಬಸ್ಸು ನಮ್ಮನ್ನು ಬೆನ್ನ ಕಡೆಯಿಂದ ಜೆಬೆಲ್ ಅಲಿಗೆ ಒಯ್ಯುತ್ತಿತ್ತು.