ಆಂಟಿಯ ಚೊಂಬು, ಭಾಯ್ ಕ್ಲಾರಿನೆಟ್

ಮೊನ್ನೆ ಮನೆಯಲ್ಲಿ ದೀಪಗಳನ್ನು ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದರು. ಆ ಹುಳಿ ವಾಸನೆಗೆ ಮರ್ಫಿ ಟೌನಿನ ಆಂಟಿ ನೆನಪಾದರು. ಅವರ ಹಿತ್ತಲಲ್ಲಿ ಸದಾ ಅದೇ ವಾಸನೆ, ಬಿಸಿಲಿಗೆ ಬೋರಲು ಹಾಕಿದ ಹಿತ್ತಾಳೆ ಚೊಂಬುಗಳು...

ಆಂಟಿಯ ಗಂಡನನ್ನು ನಾವು ಮಾಸ್ಟರ್ ಎನ್ನುತ್ತಿದ್ದೆವು. ಮದುವೆ ಬ್ಯಾಂಡಿನಲ್ಲಿ ಟ್ರಂಪೆಟ್ ಊದಿ ಸಂಸಾರ ನಡೆಸಿದವರು. ದಂಡು ಪ್ರದೇಶದ ಹೋಟೆಲುಗಳಲ್ಲಿ ಕೇಳಿದ ಜಾಝ್ ತಲೆಗೆ ಹತ್ತಿ, ಕೊನೆಕೊನೆಗೆ ತಮ್ಮದೇ ಜಾಝ್ ಕಟ್ಟಿದರು. ಪಿಯಾನೋ ಬದಲು ನೀರು ತುಂಬಿದ ಚೊಂಬುಗಳು. ಅವನ್ನು ಕೋಲಿನಿಂದ ಬಾರಿಸುವವರು ಆಂಟಿ. ಗಿಟಾರಿನ ಬದಲು ಕವ್ವಾಲಿಯವರು ಕೀಲಿ ಒತ್ತಿ ನುಡಿಸುವ ತಂತಿವಾದ್ಯ, ಬುಲ್‌ಬುಲ್ ತರಂಗ್, ಅದು ನನ್ನದು. ಶಿವಾಜಿನಗರದ ಭಾಯ್ ಕ್ಲಾರಿನೆಟ್ ನುಡಿಸುತ್ತಿದ್ದರು. ಮಾಸ್ಟರ್ ಎಲ್ಲವನ್ನೂ ಬಾಯಲ್ಲೇ ಹಾಡಿ ಕಲಿಸಿದರು. ರೆಕಾರ್ಡ್ ಮಾಡೋಣವೆಂದರೆ ಇನ್ನೂ ಹದಕ್ಕೆ ಬಂದಿಲ್ಲ ಅನ್ನುತ್ತಿದ್ದರು. ಹಾಗೆನ್ನುತ್ತಲೇ ಒಂದು ಬೆಳಿಗ್ಗೆ ಹೋಗಿಬಿಟ್ಟರು.

ಅವರ ಸಂಗೀತವೆಲ್ಲ ನಮ್ಮ ಮೂವರ ತಲೆಯಲ್ಲಿ ಉಳಿಯಿತು. ಇಂದಿರಾನಗರದ ಒಂದು ಸಣ್ಣ ಸಭಾಂಗಣದಲ್ಲಿ ಅವರ ನೆನಪಿಗೆ ನುಡಿಸಲು ಒಪ್ಪಿಕೊಂಡೆವು. ಅಭ್ಯಾಸಕ್ಕೆ ಕೂತಾಗಲೇ ಗೊತ್ತಾದದ್ದು, ಮಾಸ್ಟರ್ ಕೊನೆಯದಾಗಿ ಕಟ್ಟಿದ ಕೃತಿಯಲ್ಲಿ ಒಂದು ಸ್ವರ ಇಬ್ಬರಿಗೆ ಎರಡು ಥರ ನೆನಪಿತ್ತು.

"ಅಲ್ಲಿ ಮೇಲಕ್ಕೆ ಹೋಗ್ಬೇಕು ಭಾಯ್," ಎಂದರು ಆಂಟಿ.

"ಇಲ್ಲ ಅಕ್ಕಾ, ಕೆಳಗೆ ಇಳೀಬೇಕು. ಮಾಸ್ಟರ್ ನನ್ ಕೈಲಿ ಹಂಗೇ ಊದಿಸ್ತಿದ್ರು."

ಮತ್ತೆ ನುಡಿಸಿದೆವು, ಮತ್ತೆ ಅಲ್ಲೇ ನಿಂತೆವು. ನನ್ನನ್ನು ಕೇಳಿದರು. ಆ ಜಾಗದಲ್ಲಿ ನನ್ನ ವಾದ್ಯ ಸುಮ್ಮನಿರುತ್ತಿತ್ತು. ನಿಜಕ್ಕೂ ನನಗೆ ನೆನಪಿರಲಿಲ್ಲ. ಕೊನೆಗೊಂದು ಸಂಜೆ ಆಂಟಿ ಕೋಲು ಕೆಳಗಿಟ್ಟರು.

"ಅವರ ಜೊತೆ ಸಂಸಾರ ಮಾಡಿದ್ದು ನಾನು."

"ಊದಿದ್ದು ನಾನು," ಎಂದರು ಭಾಯ್, ತಲೆ ಎತ್ತದೆ. "ನಂಬಿಕೆ ಇಲ್ದಿದ್ರೆ ಬೇರೆಯವರನ್ನ ಕರ್ಕೊಳ್ಳಿ."

ಕ್ಲಾರಿನೆಟ್ ಬಿಚ್ಚಿ ಪೆಟ್ಟಿಗೆಗೆ ಹಾಕಿ ಹೊರಟೇಹೋದರು. ಆಂಟಿ ಚೊಂಬುಗಳ ನೀರನ್ನು ಒಂದೊಂದಾಗಿ ಮೋರಿಗೆ ಚೆಲ್ಲಿದರು. ಆಮೇಲೆ ಅಭ್ಯಾಸವೇ ನಡೆಯಲಿಲ್ಲ. ಫೋನ್ ಮಾಡಿದರೆ ಇಬ್ಬರೂ "ನೋಡೋಣ" ಎನ್ನುತ್ತಿದ್ದರು.

ಕಾರ್ಯಕ್ರಮದ ಸಂಜೆ ಭಾಯ್ ಬಂದರು. ಜನ ಕೂತಾದ ಮೇಲೆ ಆಂಟಿಯೂ ಆಟೋದಿಂದ ಇಳಿದರು, ಕಂಕುಳಲ್ಲಿ ಚೊಂಬುಗಳ ಗಂಟು. ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಆ ಸ್ವರ ಯಾವ ಕಡೆ ಹೋಗುತ್ತದೆಂದು ಕೇಳುವ ಧೈರ್ಯ ನನಗಿರಲಿಲ್ಲ.

ಆ ಜಾಗ ಬಂತು. ಎಂದಿನಂತೆ ನಾನು ನಿಲ್ಲಿಸಿದೆ. ಭಾಯ್ ಕಣ್ಣು ಮುಚ್ಚಿ ಮೇಲಿನ ಸ್ವರ ಊದಿದರು, ಆಂಟಿ ಹೇಳಿದ್ದನ್ನು. ಅದೇ ಕ್ಷಣ ಆಂಟಿಯ ಕೋಲು ಕೆಳಗಿನ ಸ್ವರದ ಚೊಂಬಿನ ಮೇಲೆ ಬಿತ್ತು, ಭಾಯ್ ಹೇಳಿದ್ದರ ಮೇಲೆ. ಎರಡೂ ಒಂದಕ್ಕೊಂದು ತಿಕ್ಕಾಡಿ ಸಭಾಂಗಣವೆಲ್ಲ ಕರಕರ ಎಂದಿತು. ಕೆಟ್ಟೇಹೋಯಿತು ಅಂದುಕೊಂಡೆ. ಭಾಯ್ ಕಣ್ಣು ಬಿಟ್ಟರು, ಆದರೆ ಆ ಸ್ವರ ಬಿಡಲಿಲ್ಲ. ಆಂಟಿ ಅದೇ ಚೊಂಬನ್ನು ಇನ್ನೊಮ್ಮೆ, ಮೆಲ್ಲಗೆ ತಟ್ಟಿದರು. ಕೇಳುತ್ತ ಕೇಳುತ್ತ ಆ ತಿಕ್ಕಾಟವೇ ಹಿತವಾಗತೊಡಗಿತು...

ಮುಗಿದ ಮೇಲೆ ಆಂಟಿ ಭಾಯ್ ಹತ್ತಿರ ಹೋದರು. "ನನ್ನ ಸ್ವರ ಯಾಕೆ ಹಿಡಿದ್ರಿ?"

"ನಿಮ್ ಮನಸ್ಸು ನೋಯಬಾರ್ದು ಅಂತ. ನೀವು?"

"ನೀವು ಬಿಟ್ಟು ಹೋಗ್ಬಾರ್ದು ಅಂತ."

ಮಾಸ್ಟರ್ ತೀರಿಕೊಂಡಾಗ ಬೇರೆಯವರೆದುರು ಅಳದಿದ್ದ ಆಂಟಿ ಅಲ್ಲೇ ಮೆಟ್ಟಿಲ ಮೇಲೆ ಕೂತು ಅತ್ತರು.

ಈಗ ಆಂಟಿಯೂ ಇಲ್ಲ. ಜೋಗುಪಾಳ್ಯದ ಹುಡುಗಿಯೊಬ್ಬಳು ಅವರ ಜಾಗದಲ್ಲಿ ಕೂರುತ್ತಾಳೆ, ಚೆನ್ನಾಗಿ ಬಾರಿಸುತ್ತಾಳೆ. ಕಳೆದ ವಾರ ಅವಳು ಕೇಳಿದಳು, "ಅಂಕಲ್, ಇದರಲ್ಲಿ ಸರಿಯಾದ ಸ್ವರ ಯಾವುದು?"

ಭಾಯ್ ಕ್ಲಾರಿನೆಟ್ಟನ್ನು ತೊಡೆಯ ಮೇಲಿಟ್ಟುಕೊಂಡರು.

"ನನ್ ಜೊತೆ ಜಗಳ ಆಡೋರು ಹೋಗ್ಬಿಟ್ರಮ್ಮ," ಎಂದರು. "ಎರಡೂ ಬಾರಿಸೋಣ."